ಅಂಟಿಸಿದ ಹಾಳೆ

"ಲೊರೀನಕ್ಕಾ, ಬೇಗ ಓದೋಕೆ ಶುರು ಮಾಡು! ಕೋಳಿ ತಣ್ಣಗಾದ್ರೆ ನಿನ್ನನ್ನೇ ಹುರಿದು ತಿಂತೀವಿ!" ಎಂದು ತಮ್ಮ ಡ್ವೇನ್ ಕೂಗಿದ. ವರ್ಷದ ಕೂಟಕ್ಕೆಂದು ಆರೆಗಾನಿನಲ್ಲಿ ಸೇರಿದ್ದ ಪ್ರೂಯಿಟ್ ಮನೆತನದ ಎಪ್ಪತ್ತು ಮಂದಿಯೂ ನಕ್ಕರು.

ಲೊರೀನ್ ನಗಲಿಲ್ಲ. ಎದುರಿಗೆ ಗುರುತಿಲ್ಲದ ಹೆಂಗಸೊಬ್ಬಳು ಪೀಚ್ ಹಣ್ಣಿನ ಪೈ ಹಿಡಿದು ನಿಂತಿದ್ದಳು.

"ನಾನು ನೆಡ್ರಾ, ಮಿಸೌರಿಯಿಂದ ಬಂದೆ. ನಮ್ಮಪ್ಪ ಓರ್ವಿಲ್ ನಿಮಗೆ ಕಾಗದ ಬರೆದಿದ್ರು, ಇಪ್ಪತ್ತು ವರ್ಷ ಆಯ್ತೇನೋ. ಅವರ ಮುತ್ತಜ್ಜಿ ಕೆಜಾಯಾಗೆ ಅಪ್ಪ ಯಾರು ಅಂತ ಹುಡುಕ್ತಾ ಹುಡುಕ್ತಾನೇ ಹೋದ ತಿಂಗಳು ತೀರ್ಕೊಂಡ್ರು."

"ಅಯ್ಯೋ..."

"ನೀವು 'ನಮ್ಮ ಪೈಕಿ ಅಲ್ಲ' ಅಂತ ಬರೆದ್ರಲ್ಲ, ಆ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ರು. ಅಪ್ಪ ಕಾಗದ ಬರೆದ ಮಿಕ್ಕವರು ಯಾರೂ ಉತ್ತರಾನೇ ಕೊಡ್ಲಿಲ್ಲ ನೋಡಿ. 'ಆಕೆ ಪುಣ್ಯಾತ್ಗಿತ್ತಿ, ಆರೆಗಾನ್ ಕಡೆ ಹೋದ್ರೆ ಕಂಡು ಬಾ' ಅಂದಿದ್ರು."

ಲೊರೀನ್‌ಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಓರ್ವಿಲನ ಕಾಗದ ಬಂದ ವಾರ ಅವಳು ಮನೆತನದ ಬೈಬಲ್ ತೆಗೆದಿದ್ದಳು. ಜನನಗಳನ್ನು ಬರೆದಿಡುವ ಪುಟಗಳಲ್ಲಿ ಎರಡನ್ನು ಅಜ್ಜಿ ಮೈದಾ ಅಂಟಿನಿಂದ ಸೇರಿಸಿಬಿಟ್ಟಿದ್ದಳು. ಕೆಟಲಿನ ಹಬೆಗೆ ಹಿಡಿದು ಬಿಡಿಸಿದರೆ ಒಳಗೆ ಹೆಸರಿತ್ತು: ಆನ್ಸೆಲನ ಮಗಳು ಕೆಜಾಯಾ, 1846. ಪಕ್ಕದಲ್ಲಿ ಮಿಕ್ಕದ್ದನ್ನೂ ಯಾರೋ ಬರೆದಿಟ್ಟಿದ್ದರು. ಮನೆತನವನ್ನು ಆರೆಗಾನಿಗೆ ತಂದ ಆನ್ಸೆಲ್, ಕಾಯಿಲೆಯ ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಮಿಸೌರಿಯಲ್ಲಿ ಬಿಟ್ಟು, ಕರೆಸಿಕೊಳ್ಳುತ್ತೇನೆಂದು ಹೇಳಿ ಗಾಡಿ ಹತ್ತಿದ್ದ. ಕರೆಸಲಿಲ್ಲ. ಆ ಹೆಂಡತಿ ಬದುಕಿರುವಾಗಲೇ ಇಲ್ಲಿ ಇನ್ನೊಂದು ಮದುವೆಯಾದ. ಇಲ್ಲಿ ಸೇರಿದವರೆಲ್ಲ ಆ ಎರಡನೆಯವಳ ಸಂತಾನ. ಮನೆತನದ ಮರ್ಯಾದೆ ಹೋದೀತೆಂದು ಲೊರೀನ್ ತಾನೇ ಮೈದಾ ಕಲಸಿ ಪುಟಗಳನ್ನು ಮತ್ತೆ ಅಂಟಿಸಿದ್ದಳು. ಕೈ ತೊಳೆದುಕೊಂಡು ಬಂದು ಓರ್ವಿಲನಿಗೆ ಉತ್ತರ ಬರೆದಿದ್ದಳು.

ವರ್ಷಕ್ಕೊಮ್ಮೆ ಸೇರಿದಾಗ ಊಟಕ್ಕೆ ಮೊದಲು ವಂಶಾವಳಿ ಓದುವುದು ಅವರ ಪದ್ಧತಿ. ಯಾರ ಕವಲು ಬಂತೋ ಅವರು ಏಳಬೇಕು. ಚಪ್ಪಾಳೆ ಬಿದ್ದ ಮೇಲೆ ಕೂರಬೇಕು. ಲೊರೀನ್ ಕನ್ನಡಕ ಹಾಕಿಕೊಂಡು ಶುರುಮಾಡಿದಳು. ವರ್ಜೀನಿಯಾ ಬಿಟ್ಟವರು, ಕೆಂಟಕಿಯಲ್ಲಿ ಕಾಡು ಕಡಿದವರು, ಮಿಸೌರಿಗೆ ಬಂದವರು. ಆನ್ಸೆಲನ ಹೆಸರಿಗೆ ಬಂದಾಗ ಓದು ನಿಲ್ಲಿಸಿ ತಲೆಯೆತ್ತಿದಳು. ಹಿಂದಿನ ಸಾಲಿನಲ್ಲಿ ನೆಡ್ರಾ ಅತಿಥಿಯ ಹಾಗೆ ಮುದುರಿ ಕೂತಿದ್ದಳು.

"ಏನಕ್ಕಾ, ಮುತ್ತಾತನ ಹೆಸರೇ ಮರೆತ್ಯಾ?" ಡ್ವೇನ್ ಕಿಚಾಯಿಸಿದ.

"ಸುಮ್ನಿರೋ." ಲೊರೀನ್ ನೆಡ್ರಾಳ ಕಡೆ ತಿರುಗಿದಳು. "ಆನ್ಸೆಲ್‌ಗೆ ಮಿಸೌರಿಯಲ್ಲಿ ಮೊದಲನೇ ಹೆಂಡ್ತಿ ಇದ್ಲು. ಒಬ್ಬ ಮಗಳೂ ಇದ್ಲು, ಕೆಜಾಯಾ ಅಂತ. ಇಬ್ಬರನ್ನೂ ಬಿಟ್ಟು ಬಂದ. ನಂಗಿದು ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಕೇಳಿದವರಿಗೆ ಸುಳ್ಳು ಬರೆದೆ."

ಡ್ವೇನ್ ತಲೆ ತಗ್ಗಿಸಿದ.

"ಕೆಜಾಯಾ ಕವಲಿನವರು ಏಳಿ," ಎಂದಳು ಲೊರೀನ್.

ನೆಡ್ರಾ ಅವಳನ್ನೇ ನೋಡಿದಳು. ಆಮೇಲೆ ಕೈಚೀಲದಿಂದ ಪ್ಲಾಸ್ಟಿಕ್ ಹಾಕಿದ ಕಾಗದ ತೆಗೆದು ಎದೆಗೆ ಹಿಡಿದುಕೊಂಡು ಎದ್ದಳು.

ಚಪ್ಪಾಳೆ ಬೀಳಲಿಲ್ಲ. ಲೊರೀನ್ ಮುಂದಿನ ಹೆಸರು ಓದಿದಳು, ಅದರ ಮುಂದಿನದೂ ಓದಿದಳು. ನೆಡ್ರಾ ನಿಂತೇ ಇದ್ದಳು.