ಹಳಬರು ಹೊರಗೆ ನಿಂತಿದ್ದಾರೆ

ಸೋಫಾ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಾಗಲೇ ಕತ್ತರಿ ಎಂದು ಎಲ್ಲರೂ ಕರೆಯುವವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸೋಫಾದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಏಳನೇ ನಂಬರ್ ಆಂಬುಲೆನ್ಸಿನ ಚಾಲಕನ ಕೈಯಲ್ಲಿ. ಬಂದವರಿಗೆ ಕುರ್ಚಿ ಹಾಕಲು ಮುಂದಿನ ಕೋಣೆ ಖಾಲಿಯಾಗಬೇಕಿತ್ತು. ಒಳಕೋಣೆಯಲ್ಲಿ ಅಕ್ಕನ ದೇಹವನ್ನು ಮಲಗಿಸಿದ್ದರು. ಹನ್ನೆರಡಕ್ಕೆ ಮಸಣಕ್ಕೆ ಹೊರಡಬೇಕು.

ಅಕ್ಕ ಎಂದರೆ ಅವನ ಒಡಹುಟ್ಟಿದವಳಲ್ಲ. ನಗರದ ಆಂಬುಲೆನ್ಸ್ ನಿಯಂತ್ರಣ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಪ್ರೋಗ್ರಾಂ ಬರೆದವಳು. ಪ್ರತಿ ವಾಹನದಲ್ಲೂ ಒಂದು ಪೆಟ್ಟಿಗೆಯಿದೆ. ತಾನು ಎಲ್ಲಿದ್ದೇನೆಂದು ಅದು ಕೊಠಡಿಗೆ ಹೇಳುತ್ತಲೇ ಇರುತ್ತದೆ. ಆ ಮಾತು ಒಳಗೆ ಬರಲು ಯಂತ್ರದಲ್ಲಿ ತೆರೆದಿಡುವ ಬಾಗಿಲಿಗೆ ಸಾಕೆಟ್ ಎನ್ನುತ್ತಾರೆ. ಅದನ್ನು ಕಟ್ಟಿದವಳು ಇವಳಾದ್ದರಿಂದ ಕಚೇರಿಯಲ್ಲಿ ಬಾಗಿಲಮ್ಮ ಎಂದೇ ಹೆಸರಾಗಿತ್ತು. ಬೇರೆಯವರ ಕೋಡಿನಲ್ಲಿ ಕಂಡಕಂಡ ಸಾಲು ಕತ್ತರಿಸುವ ಚಟದ ಇವನಿಗೆ ಕತ್ತರಿ ಎಂದು ಹೆಸರಿಟ್ಟವಳೂ ಅವಳೇ. ಹೆಸರು ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು.

ಸೋಫಾ ಇಳಿಸಿ ಫೋನೆತ್ತಿದ. ಕೊಠಡಿಯಲ್ಲಿ ಪಾಳಿಯಲ್ಲಿದ್ದ ಹುಡುಗಿ.

"ಹೊಸ ಯಂತ್ರ ಶುರು ಆಗ್ತಿಲ್ಲ ಸಾರ್. ಪರದೆ ಮೇಲೆ ಏನೋ ಬರ್ತಿದೆ."

"ಏನಂತ?"

"ಹಳಬರು ಹೊರಗೆ ನಿಂತಿದ್ದಾರೆ, ಒಳಗೆ ಕರೀರಿ ಅಂತ."

ಅದು ಅಕ್ಕ ಬರೆದಿಟ್ಟ ಮಾತೆಂದು ಕತ್ತರಿ ಗುರುತು ಹಿಡಿದ. ಹಳೆಯ ಯಂತ್ರವನ್ನು ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲಿಸಿ ಹೊಸದಕ್ಕೆ ದಾಟುವುದೆಂದು ಮೂರು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಸಾವಿಗೆ ಆ ದಿನಾಂಕ ಗೊತ್ತಿರಲಿಲ್ಲ, ಅಷ್ಟೆ. ಮಿಕ್ಕಿದ್ದೆಲ್ಲ ಸರಿಯಿದೆ, ಇದೊಂದು ಪರೀಕ್ಷೆಯನ್ನು ತೆಗೆದುಹಾಕಿ ಶುರು ಮಾಡಿಬಿಡಲೇ ಎಂದು ಹುಡುಗಿ ಕೇಳಿದಳು.

\*\*\*

ಹದಿನಾಲ್ಕು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ. ಹೊಸ ವಾಹನಗಳು ಬಂದಿದ್ದವು, ಅವುಗಳ ಜೊತೆ ಹೊಸ ಪೆಟ್ಟಿಗೆಗಳು. ಜಾಲದಲ್ಲಿ ಪ್ರತಿಯೊಂದಕ್ಕೂ ಒಂದು ವಿಳಾಸ ಬೇಕು. ಹಳೆಯ ವಿಳಾಸವೆಂದರೆ ನಾಲ್ಕು ಸಂಖ್ಯೆ, ನಡುವೆ ಚುಕ್ಕೆ. ಅವು ಮುಗಿಯುತ್ತ ಬಂದಿದ್ದರಿಂದ ಮಾರುದ್ದದ ಹೊಸ ವಿಳಾಸಗಳು ಬಂದವು. ಗುತ್ತಿಗೆದಾರರು ಬರೆದುಕೊಟ್ಟ ಪ್ರೋಗ್ರಾಂ ಹೊಸ ವಿಳಾಸದವರಿಗೆ ಮಾತ್ರ ಬಾಗಿಲು ತೆರೆಯಿತು. ಹಳೆಯ ಮೂವತ್ತೊಂದು ವಾಹನಗಳು ಪರದೆಯಿಂದ ಮಾಯವಾದವು, ಯಾರಿಗೂ ಗೊತ್ತಾಗಲಿಲ್ಲ.

ಅಂದು ಒಬ್ಬ ಮುದುಕ ಎದೆ ಹಿಡಿದುಕೊಂಡು ಬಿದ್ದ. ಎರಡೇ ಬೀದಿಯಾಚೆ ಏಳನೇ ನಂಬರ್ ಸುಮ್ಮನೆ ನಿಂತಿತ್ತು. ಕೊಠಡಿ ಊರಾಚೆಯಿಂದ ಬೇರೆ ಗಾಡಿ ಕಳಿಸಿತು. ಮುದುಕ ಬದುಕಿಕೊಂಡ, ಮಾತು ಹೋಯಿತು.

ಎಲ್ಲಕ್ಕೂ ಹೊಸ ಪೆಟ್ಟಿಗೆ ಬರುವ ತನಕ ಹೇಗೋ ಸುಧಾರಿಸಿ ಎಂದ ಮೇಲಧಿಕಾರಿಯನ್ನು ಅಕ್ಕ ಕೇಳಿದ್ದು ಒಂದೇ ಮಾತು. "ಹಳಬರು ಏನು ತಪ್ಪು ಮಾಡಿದ್ರು ಸಾರ್?"

ಮೂರು ದಿನ ಕೂತು ಎರಡೂ ಬಗೆಯ ವಿಳಾಸಕ್ಕೆ ತೆರೆಯುವ ಒಂದೇ ಸಾಕೆಟ್ ಬರೆದಳು. 'ಹೊಸಬರಿಗೆ ಮಾತ್ರ' ಎಂಬ ಗುಂಡಿಯನ್ನು ಆಫ್ ಮಾಡುವ ಸಾಲೊಂದನ್ನು ಅದಕ್ಕೆ ಸೇರಿಸಿದಳು. ಹಳೆಯ ವಿಳಾಸದ ಕರೆ ಬಂದರೆ ಯಂತ್ರ ಅದರ ಮುಂದೆ ಜೋಡಿ ಕೋಲನ್ ಚಿಹ್ನೆ (::), ನಾಲ್ಕು ಎಫ್ ಅಂಟಿಸಿ ಒಳಗೆ ಕೂರಿಸಿಕೊಳ್ಳುವುದು. ಅಷ್ಟಕ್ಕೂ ಸಮಾಧಾನವಾಗದೆ ಇನ್ನೊಂದು ಕೆಲಸ ಮಾಡಿದಳು: ಪ್ರೋಗ್ರಾಂ ಎದ್ದ ಕೂಡಲೇ ತನ್ನ ಬಾಗಿಲನ್ನು ತಾನೇ ಎರಡೂ ವಿಳಾಸದಿಂದ ತಟ್ಟಿ ನೋಡಬೇಕು, ಒಂದಕ್ಕೆ ಉತ್ತರ ಬಾರದಿದ್ದರೂ ಕೆಲಸ ಶುರು ಮಾಡಕೂಡದು.

ಗುಂಡಿ ಆಫ್ ಮಾಡುವ ಆ ಸಾಲು ದಂಡ ಎಂದು ಕತ್ತರಿ ಆಗಲೇ ವಾದಿಸಿದ್ದ. ಈ ಯಂತ್ರ ಹೇಗೂ ಎರಡಕ್ಕೂ ತೆರೆಯುತ್ತದಲ್ಲ.

"ಈ ಯಂತ್ರ ತೆರೆಯುತ್ತೆ. ಮುಂದೆ ಬರೋದರ ಬುದ್ಧಿ ನಿನಗೇನು ಗೊತ್ತು?" ಎಂದಿದ್ದಳು ಅಕ್ಕ.

\*\*\*

"ಆ ಪರೀಕ್ಷೆ ಮುಟ್ಟಬೇಡ. ಹತ್ತು ನಿಮಿಷ ಕೊಡು," ಎಂದು ಫೋನಿಟ್ಟ ಕತ್ತರಿ ಲ್ಯಾಪ್‌ಟಾಪ್ ಇಡಲು ಮೇಜು ಹುಡುಕಿದ. ಇದ್ದದ್ದು ಅಕ್ಕನ ಗಂಡನ ಮೇಜೊಂದೇ. ಅವರು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದವರು. ಪಕ್ಕದಲ್ಲೇ ಕೂತಿದ್ದರು, ಮಗಳು ಅವರ ಬೆನ್ನು ಸವರುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

"ಭಾವ, ಅಕ್ಕ ಬರೆದಿದ್ದ ಒಂದು ಸಾಲು ನಾನು ಹೊಡೆದುಹಾಕಿದ್ದೆ. ಅವರು ಆಸ್ಪತ್ರೆ ಸೇರಿದ ವಾರ."

ಆ ಸಾಲಿಲ್ಲದೆಯೇ ಹಳೆಯ ಯಂತ್ರದಲ್ಲಿ ಓಡಿಸಿ ನೋಡಿದ್ದನಂತೆ, ಎರಡೂ ವಿಳಾಸದಿಂದ ತಟ್ಟಿದ್ದಕ್ಕೆ ಉತ್ತರ ಬಂದಿತ್ತಂತೆ. ಹೊಸ ಯಂತ್ರದ ಜಾಯಮಾನವೇ ಬೇರೆ, ಹೇಳದಿದ್ದರೆ ಅದು ಹೊಸಬರಿಗೆ ಮಾತ್ರ ತೆರೆಯುತ್ತದೆ. ಅಕ್ಕನ ಆ ಪರೀಕ್ಷೆ ಇಲ್ಲದಿದ್ದರೆ ಹನ್ನೆರಡರ ಮೇಲೆ, ಇನ್ನೂ ಹಳೆ ಪೆಟ್ಟಿಗೆಯಲ್ಲೇ ಓಡುತ್ತಿದ್ದ ಆ ಮೂವತ್ತೊಂದು ಗಾಡಿಗಳು ಮತ್ತೆ ಮಾಯವಾಗುತ್ತಿದ್ದವು.

ಭಾವ ಅವನತ್ತ ತಿರುಗಿದರು.

"ನೀನು ಹೊಡೀತೀಯ ಅಂತ ಅವಳಿಗೆ ಗೊತ್ತಿತ್ತು ಕಣಪ್ಪ," ಎಂದರು. "ಹೊಡೀಲಿ ಬಿಡಿ, ಅವನು ಹೊಡೆದ್ರೂ ಹಳಬರು ಹೊರಗುಳಿಯದ ಹಾಗೆ ಬರೆದಿದ್ದೀನಿ ಅಂತಿದ್ಲು." ಮೇಜಿನ ಮೇಲಿದ್ದ ಪ್ರೂಫಿನ ಕಟ್ಟನ್ನು ಬದಿಗೆ ಸರಿಸಿದರು. "ಬರಿ. ಇದ್ದ ಜಾಗದಲ್ಲೇ ಹಾಕು."

ಕತ್ತರಿ ಬರೆದ. ಮಗಳು ಬಗ್ಗಿ ನೋಡಿದಳು. ಶಾಲೆಯಲ್ಲಿ ಅಮ್ಮನ ಕೆಲಸ ಎಂಬ ಕಡೆ ಅವಳು ಪ್ರತಿ ವರ್ಷ 'ಕಚೇರಿ' ಎಂದಷ್ಟೇ ಬರೆಯುತ್ತಿದ್ದಳು. ಅಮ್ಮ ದಿನವಿಡೀ ಅಲ್ಲೇನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಸಂಕೋಚವಾಗುತ್ತಿತ್ತು. ಈಗ ಆ ಒಂದು ಸಾಲು ನೋಡುತ್ತ, ತುಂಬಿದ ಮನೆಯಲ್ಲಿ ಎದ್ದು ನಿಂತು ಇದು ನಮ್ಮಮ್ಮ ಬರೆದದ್ದು ಎಂದು ಹೇಳಬೇಕೆನಿಸಿತು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಹುಡುಗಿಯ ಫೋನು ಬಂತು. ಎರಡೂ ವಿಳಾಸದಿಂದ ತಟ್ಟಿದ್ದಕ್ಕೆ ಉತ್ತರ ಬಂದಿದೆ, ಪ್ರೋಗ್ರಾಂ ಎದ್ದಿದೆ. ಹನ್ನೆರಡಕ್ಕೆ ಹಳೆಯ ಯಂತ್ರ ಆರಿತು. ಹೊಸ ಗಾಡಿಗಳು ನಾ ಮುಂದೆ ತಾ ಮುಂದೆ ಎಂದು ಲ್ಯಾಪ್‌ಟಾಪಿನ ಪಟ್ಟಿಗೆ ಬಂದವು. ಹಳೆಯವು ಒಂದೂ ಇಲ್ಲ. ಹಳೆ ಪೆಟ್ಟಿಗೆಗಳು ನಿಧಾನ, ಸ್ವಲ್ಪ ತಡೆಯಬೇಕು ಎಂದು ಕತ್ತರಿ ತನಗೇ ಹೇಳಿಕೊಂಡ.

ಅಷ್ಟರಲ್ಲಿ ಹೊರಡುವ ಹೊತ್ತಾಯಿತು. ಅಕ್ಕನನ್ನು ತನ್ನ ಗಾಡಿಯಲ್ಲೇ ಒಯ್ಯಬೇಕೆಂದು ಚಾಲಕ ನಿನ್ನೆಯಿಂದ ಮೂರು ಅಧಿಕಾರಿಗಳ ಬೆನ್ನು ಬಿದ್ದು ಅಪ್ಪಣೆ ತಂದಿದ್ದ. ನಾಲ್ವರು ಅವಳನ್ನು ಎತ್ತಿಕೊಂಡು ಹೋಗಿ ಏಳನೇ ನಂಬರಿನಲ್ಲಿ ಮಲಗಿಸಿದರು. ಭಾವ ಹತ್ತಿ ಪಕ್ಕದಲ್ಲಿ ಕೂತರು. ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು ಮಗಳು ಬಾಗಿಲಿಗೆ ಬಂದಳು.

ಚಾಲಕ ಕೀಲಿ ತಿರುಗಿಸಿದ. ಪಟ್ಟಿಯ ತಳದಲ್ಲಿ ಒಂದು ಹೊಸ ಸಾಲು ಮೂಡಿತು: ಜೋಡಿ ಕೋಲನ್, ನಾಲ್ಕು ಎಫ್, ಅದರ ಹಿಂದೆ ನಾಲ್ಕೇ ಸಂಖ್ಯೆಗಳ ಹಳೆಯ ವಿಳಾಸ. ಪಕ್ಕದ ನಕ್ಷೆಯಲ್ಲಿ, ಅವರ ಮನೆಯೆದುರು, ಏಳು ಎಂದು ಬರೆದ ಹಸಿರು ಚುಕ್ಕೆ ಹೊತ್ತಿಕೊಂಡು ಮೆಲ್ಲಗೆ ಬೀದಿಯ ಕೊನೆಯ ಕಡೆಗೆ ಸಾಗಿತು.