ಬುರುಣ್ಯಾನ ಹಲಗೆ

ಅತ್ತೆಯ ಪಾದಕ್ಕೆ ಅರಿಷಿಣ ಹಚ್ಚುತ್ತಿದ್ದ ಪ್ರಿಯಾಳ ಕೈ ಗಂಡನ ಮಾತು ಕೇಳಿ ಅಲ್ಲೇ ನಿಂತಿತು.

“ನಿನ್ನ ಮೊಬೈಲಿನ್ಯಾಗ ಅವ್ವಂದೊಂದು ಫೋಟೋ ಇದ್ರ ನೋಡು. ಬ್ಯಾನರಿಗೆ ಬೇಕು,” ಎಂದ ಸುನಿಲಕುಮಾರ, ಬಾಗಿಲ ಚೌಕಟ್ಟು ಹಿಡಿದು. ಅವನ ಬೆನ್ನಿಗೆ ಎದುರುಮನೆಯ ಮುಸ್ತಾಕ ನಿಂತಿದ್ದ. ಬೆಟಗೇರಿ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟವನು; ಸಾವಿನ ಸುದ್ದಿ ಕೇಳಿದ್ದೇ ಶಟರ್ ಎಳೆದು ಬಂದಿದ್ದ.

“ಇಲ್ಲರಿ,” ಎಂದಳು ಪ್ರಿಯಾ.

“ಒಂದೂ ಇಲ್ಲ?”

“ಇಲ್ಲ.”

ಸುಳ್ಳೇನೂ ಅಲ್ಲ. ಅತ್ತೆ ಬನಶಂಕರೆವ್ವ ಫೋಟೋಕ್ಕೆ ನಿಲ್ಲುವ ಹೆಂಗಸಾಗಿರಲಿಲ್ಲ. ಮೈ ದಪ್ಪ, ನಡೆದರೆ ಏದುಸಿರು. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, “ನಾ ಬಂದ್ರ ಉಳಿದವ್ರಿಗೆ ಜಾಗಾ ಎಲ್ಲಿ ಸಿಗತೈತಿ,” ಎನ್ನುತ್ತ ಕಂಬದ ಮರೆಗೆ ಸರಿಯುತ್ತಿದ್ದಳು. ಮಗನ ಮದುವೆಯ ಆಲ್ಬಮ್ಮಿನಲ್ಲೂ ಅವಳ ಅರ್ಧ ಭುಜ, ಸೆರಗಿನ ಅಂಚು ಅಷ್ಟೇ ಇದ್ದವು.

ಮುಸ್ತಾಕ ತನ್ನ ಮೊಬೈಲ್ ತೆಗೆದ. “ಅಣ್ಣಾ, ಅದೊಂದು ವಿಡಿಯೋ ಐತಲ್ಲ. ನಾಯಿ ಹಲಗಿ ಮ್ಯಾಲಿಂದ ದೊಡ್ಡವ್ವ ಇಳಿಯೋದು. ನನ್ನ ಕಡೆ ಇನ್ನೂ ಐತಿ. ಅದರಾಗ ಮಕ ಭಾಳ ಚಂದ ಬಂದೈತಿ. ಮಕ ಅಷ್ಟ ತಗೋತೇನಿ.”

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅತ್ತು ಕಣ್ಣು ಕೆಂಪಾಗಿದ್ದವು. ಸುನಿಲಕುಮಾರ ಹೆಂಡತಿಯ ಕಡೆ ನೋಡಲಿಲ್ಲ. “ತಗೋ,” ಎಂದು ಹೊರಗೆ ಹೋದ.

ಪ್ರಿಯಾ ತಲೆ ತಗ್ಗಿಸಿ ಮತ್ತೆ ಅರಿಷಿಣ ಹಚ್ಚತೊಡಗಿದಳು. ಗೋಡೆಗೆ ಆನಿಸಿ ಕೂರಿಸಿದ್ದ ಅತ್ತೆಯ ಕಾಲುಗಳು ಈಗ ಬಾತಿರಲಿಲ್ಲ ಅನಿಸಿತು. ಸದಾ ನೋಯುತ್ತಿದ್ದ ಆ ಮೊಣಕಾಲುಗಳಿಗೆ ಎಣ್ಣೆ ಹಚ್ಚಿಕೊಡಲು ಅತ್ತೆ ಒಮ್ಮೆಯೂ ತನ್ನನ್ನು ಕರೆದಿರಲಿಲ್ಲ ಎಂಬುದು ಇಂದು, ಈ ಕಾಲು ಮುಟ್ಟಿದಾಗ, ನೆನಪಾಯಿತು.

*

ಬ್ರೂನೋ ಎಂಬ ನಾಯಿ ಆ ಮನೆಗೆ ಬಂದದ್ದು ಬದಲಿಯಾಗಿ ಹೋದ ಬ್ಯಾಂಕಿನ ಸಾಹೇಬರಿಂದ. ಹೊಸ ಊರಿನಲ್ಲಿ ನಾಯಿಗೆ ಮನೆ ಸಿಗುವುದಿಲ್ಲವೆಂದು, ದಿನಾ ರೊಟ್ಟಿ ಹಾಕುತ್ತಿದ್ದ ಬನಶಂಕರೆವ್ವನ ಕೈಗೆ ಸರಪಳಿ ಕೊಟ್ಟು ಹೋಗಿದ್ದರು. ಓಣಿಯ ಬಾಯಲ್ಲಿ ಬ್ರೂನೋ ವಾರದೊಳಗೆ ಬುರುಣ್ಯಾ ಆದ. ಹಾಲುರೊಟ್ಟಿ ತಿಂದು ಎಳೆಗರುವಿನಷ್ಟು ಬೆಳೆದ. ವಯಸ್ಸಾದ ಮೇಲೆ ಅವನ ಹಿಂಗಾಲು ಸೋತವು. ಮೆಟ್ಟಿಲು ಹತ್ತಿಳಿಸಬೇಡಿ, ಎತ್ತಿದರೂ ಸೊಂಟಕ್ಕೆ ಪೆಟ್ಟು ಎಂದು ದನದ ಡಾಕ್ಟರರು ಹೇಳಿದರು. ಬನಶಂಕರೆವ್ವನ ಗಂಡ, ನೇಕಾರ ತೋಟಪ್ಪನ ಮನೆಯೋ ಎತ್ತರದ ಕಟ್ಟೆಯದು. ಮೆಟ್ಟಿಲು ಬಿಟ್ಟರೆ ಬೀದಿಗೆ ಬೇರೆ ದಾರಿಯಿಲ್ಲ.

ದಾರಿ ತೋರಿಸಿದವಳು ಪ್ರಿಯಾಳೇ. ಪರದೇಶದ ನಾಯಿಯೊಂದು ಮಡಿಸುವ ಹಲಗೆಯ ಮೇಲಿಂದ ಕಾರಿನಿಂದ ಇಳಿಯುವುದನ್ನು ಮೊಬೈಲಿನಲ್ಲಿ ಅತ್ತೆಗೆ ತೋರಿಸಿದ್ದಳು. ಬನಶಂಕರೆವ್ವ ಅದನ್ನೇ ತಲೆಯಲ್ಲಿಟ್ಟುಕೊಂಡು ಎದುರುಮನೆಗೆ ಹೋಗಿ, ಮುಸ್ತಾಕನ ಅಪ್ಪ, ಬಡಿಗತನ ಮಾಡುವ ಮಕ್ತುಮಸಾಬನಿಗೆ ಕೈಸನ್ನೆಯಲ್ಲೇ ವಿವರಿಸಿದಳು. ಅವನು ಎರಡು ಹಲಗೆಗಳನ್ನು ನಡುವೆ ಬಿಜಾಗರಿ ಹಾಕಿ ಕೂಡಿಸಿದ; ಕಾಲು ಜಾರದಂತೆ ಮೇಲೆ ಗೋಣಿತಟ್ಟು ಬಡಿದ. ಬಿಚ್ಚಿದರೆ ಕಟ್ಟೆಯಿಂದ ಬೀದಿಗೆ ಇಳಿಜಾರು, ಮಡಿಸಿದರೆ ಬಾಗಿಲ ಹಿಂದೆ ನಿಲ್ಲುತ್ತಿತ್ತು.

ಬುರುಣ್ಯಾ ಮೊದಮೊದಲು ಹೆದರಿದ. ಬನಶಂಕರೆವ್ವ ಹಲಗೆಯನ್ನು ಪಡಸಾಲೆಯ ನೆಲಕ್ಕೆ ಹಾಸಿ, ಅದರ ಮೇಲೆ ರೊಟ್ಟಿಯ ಚೂರು ಇಡುತ್ತ ಓಡಾಡಿಸಿದಳು. ಆಮೇಲೆ ಒಂದು ತುದಿಗೆ ಇಟ್ಟಿಗೆ ಕೊಟ್ಟು ತುಸು ತುಸು ಎತ್ತರಿಸಿದಳು. ಕಡೆಗೆ ಕಟ್ಟೆಗೆ ಒರಗಿಸಿ, ಅವನ ಹೊಟ್ಟೆಯ ಕೆಳಗೆ ಟಾವೆಲ್ ಹಾಯಿಸಿ ಹಿಡಿದು, ಅವನ ಜೊತೆಗೇ ಹೆಜ್ಜೆ ಇಟ್ಟು ಇಳಿದಳು. ಕೆಳಗೆ ಮುಟ್ಟಿದಾಗ ನಾಯಿಗಿಂತ ಅವಳಿಗೇ ಹೆಚ್ಚು ಆಶ್ಚರ್ಯವಾಗಿತ್ತು. ಮೆಟ್ಟಿಲಿನಲ್ಲಿ ಚುಚ್ಚುವ ಮೊಣಕಾಲು ಇಳಿಜಾರಿನಲ್ಲಿ ಸುಮ್ಮನಿದ್ದವು.

ಅಂದಿನಿಂದ ಮಧ್ಯಾಹ್ನ ಓಣಿ ಖಾಲಿಯಾದ ಹೊತ್ತು ನೋಡಿ ಬುರುಣ್ಯಾನ ಜೊತೆ ಇಳಿದು ಮಕ್ತುಮಸಾಬನ ಮನೆಗೆ ಹೋಗುವಳು. ಅವನ ಹೆಂಡತಿ ಜೈಬುನ್ನೀಸಾ ಮತ್ತು ಅವಳು ಎದುರುಬದುರು ಕೂತು ಕಂಡಿಕೆಗೆ ನೂಲು ಸುತ್ತುತ್ತ ಹರಟುವರು. ನಾಯಿ ಹೊರಗೆ ನೆರಳಿಗೆ ಮಲಗಿರುತ್ತಿತ್ತು. ಮೊಣಕಾಲು ಕೆಟ್ಟಂದಿನಿಂದ ತಪ್ಪಿಹೋಗಿದ್ದ ಆ ಹರಟೆ ಅವಳಿಗೆ ಮರಳಿ ಸಿಕ್ಕಿತ್ತು.

ಒಂದು ಮಧ್ಯಾಹ್ನ ಪ್ರಿಯಾ ಬೀದಿಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಮುಂದೆ ನಾಯಿ, ಹಿಂದೆ ಸೀರೆ ಎತ್ತಿ ಕಟ್ಟಿದ ಅತ್ತೆ, ಇಬ್ಬರೂ ಒಂದೇ ತರಹ ಓಲಾಡುತ್ತ ಇಳಿಯುತ್ತಿದ್ದರು. ಪ್ರಿಯಾಳಿಗೆ ನಗು ತಡೆಯಲಾಗಲಿಲ್ಲ. ಚಿತ್ರ ತೆಗೆದಳು. “ಸಾವಕಾಶ್ರೀ ಅತ್ತಿ, ಹಲಗಿ ಮುರದೀತು,” ಎಂಬ ಅವಳ ದನಿಯೂ, ನಗೆಯೂ ಅದರಲ್ಲಿ ದಾಖಲಾದವು. ಸ್ಟೇಟಸ್ಸಿಗೆ ಹಾಕಿದಳು. ಮುಂಡರಗಿಯ ತಂಗಿ ಅದನ್ನು ಮುಂದೆ ಕಳಿಸಿದಳು. ಲಕ್ಷ್ಮೇಶ್ವರದ ಯಾರೋ ಅದಕ್ಕೆ ಹಾಡು ಕೂಡಿಸಿದರು. ಸುತ್ತಾಡಿ ಸುತ್ತಾಡಿ ಅದು ತೋಟಪ್ಪನ ಫೋನಿಗೇ ಬಂತು. ಮಂದಿ ನಗಲಿಕ್ಕೆ ಕಳಿಸಿದ್ದೆಂದು ಮುದುಕನಿಗೆ ತಿಳಿಯಲಿಲ್ಲ, ಸಂಭ್ರಮದಿಂದ ಹೆಂಡತಿಯ ಮುಂದೆ ಹಿಡಿದ. “ಇಲ್ನೋಡು, ನೀ ಬಂದೀದಿ.”

ಬನಶಂಕರೆವ್ವ ನೋಡಿದಳು. ಇನ್ನೊಮ್ಮೆ ಹಚ್ಚು ಅಂದಳು. ಮತ್ತೆ ನೋಡಿದಳು.

ಸಂಜೆ ಒಲೆಯ ಮುಂದೆ ಪ್ರಿಯಾ, “ಸುಮ್ನ ಚಾಷ್ಟಿಗಿ ಮಾಡಿದ್ನಿರಿ, ಅತ್ತಿ,” ಎಂದಳು.

ಬನಶಂಕರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಖರೇನ ಐತಲ್ಲವಾ,” ಎಂದಳು. “ನಾ ಹಂಗ ಕಾಣತೇನಿ ಅಂತ ನನಗ ಗೊತ್ತಿರಲಿಲ್ಲ.”

ಮರುದಿನದಿಂದ ಹಲಗೆ ನಾಯಿಗೆ ಮಾತ್ರವಾಯಿತು. ಮುಂಜಾನೆ ಸಂಜೆ ಸುನಿಲಕುಮಾರ ಅದನ್ನು ಬಿಚ್ಚಿ ಬುರುಣ್ಯಾನನ್ನು ಇಳಿಸುವನು. ಅತ್ತೆ ಹೊಸ್ತಿಲೊಳಗೆ ನಿಂತು ನೋಡುವಳು. ಪ್ರಿಯಾ ವಿಡಿಯೋ ಅಳಿಸಿದಳು. ನಾಲ್ಕು ದಿನ ಹೋದರೆ ಅತ್ತೆ ಮರೆತು ತಾನೇ ಹೊರಗೆ ಬಂದಾಳು ಎಂದುಕೊಂಡಳು. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ಬನಶಂಕರೆವ್ವ ಹೊಸ್ತಿಲು ದಾಟಲಿಲ್ಲ. ಈ ದಿನ ಬೆಳಗಿನ ಚಹಾ ಕುಡಿದು, ಎದೆಯಲ್ಲಿ ಏನೋ ಹಿಡಿದಂಗಾಗೇತಿ ಎಂದವಳು ಗೋಡೆಗೆ ಒರಗಿ ಹಾಗೇ ಹೋದಳು.

*

ಭಜನೆಯವರು ಪಡಸಾಲೆಯಲ್ಲಿ ತಾಳ ಹಿಡಿದು ಕೂತಿದ್ದರು. ಜೈಬುನ್ನೀಸಾಳನ್ನು ಮುಸ್ತಾಕ ರೆಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ ತಂದ. ಸೊಂಟ ಹಿಡಿದ ಹೆಂಗಸು. ಈ ಕಟ್ಟೆ ಹತ್ತಿ ವರ್ಷಗಳೇ ಆಗಿದ್ದವು. ಗೆಳತಿಯ ಮುಖವನ್ನು ಬಹಳ ಹೊತ್ತು ನೋಡಿ, ಹಣೆಯ ಮೇಲೆ ಕೈ ಇಟ್ಟು, ಆಮೇಲೆ ಪ್ರಿಯಾಳ ಪಕ್ಕ ಕೂತು ಅವಳ ಮೊಣಕಾಲ ಮೇಲೆ ಕೈ ಇಟ್ಟಳು.

“ಒಂದು ಮಾತು ಕೇಳತೇನಿ, ಖರೇ ಹೇಳು. ನಿಮ್ಮತ್ತಿಗೆ ನನ್ನ ಮ್ಯಾಲ ಸಿಟ್ಟಿತ್ತೇನು?”

“ಇಲ್ಲರಿ ಚಾಚಿ.”

“ಮತ್ಯಾಕ ಬರೋದು ಬಿಟ್ಲು? ಕೆಳಗ ನಿಂತು ಎಷ್ಟು ಸಲ ಕೂಗೇನಿ. ನಾಳಿ ಬರತೇನಿ ಅನ್ನಾಕಿ. ನಾ ಏನು ತಪ್ಪು ಮಾತಾಡಿದೆ ಅಂತ ಕುಂತಲ್ಲಿ ನಿಂತಲ್ಲಿ ಅದನ್ನ ನೆನಸತಿದ್ದೆ.”

ಜೈಬುನ್ನೀಸಾಳಿಗೆ ಮೊಬೈಲಿನ ಗೊಡವೆ ಇರಲಿಲ್ಲ. ಊರೆಲ್ಲ ನೋಡಿ ನಕ್ಕದ್ದನ್ನು ಅವಳೊಬ್ಬಳೇ ನೋಡಿರಲಿಲ್ಲ, ಮಗ ತೋರಿಸಿರಲಿಲ್ಲ.

“ಮೊಣಕಾಲು ಭಾಳ ನೋಯ್ತಿದ್ವುರಿ,” ಎಂದಳು ಪ್ರಿಯಾ.

“ಅದಕ್ಕ ಹಲಗಿ ಇತ್ತಲ್ಲ?”

ಪ್ರಿಯಾ ಅತ್ತೆಯ ಸೆರಗು ಸರಿಮಾಡಿದಳು. ಭಜನೆಯ ದನಿ ಏರಿದ್ದು ಅವಳಿಗೆ ಅನುಕೂಲವಾಯಿತು. ಹಾಗೆ ಅನುಕೂಲವಾದದ್ದಕ್ಕೆ ಅವಳ ಕಿವಿ ಬಿಸಿಯಾದವು.

ಅಷ್ಟರಲ್ಲಿ ಬ್ಯಾನರ್ ಬಂತು. ಕಟ್ಟೆಯ ಕಂಬಗಳಿಗೆ ಕಟ್ಟುವ ಮೊದಲು ತೋಟಪ್ಪನಿಗೆ ತೋರಿಸಲೆಂದು ಒಳಗೆ ತಂದು ಬಿಡಿಸಿದರು. ಬೆವರಿದ ಅಗಲವಾದ ಮುಖ, ತೆರೆದ ನಗೆ. ಸುತ್ತ ಮುಸ್ತಾಕ ಹೂವಿನ ಬಳ್ಳಿ ಹಾಕಿದ್ದ. ಕೆಳಗಿನ ಮೂಲೆಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಮುಂದೆ ಚಾಚಿಕೊಂಡಿತ್ತು. ಅದನ್ನು ತೆಗೆದರೆ ಗದ್ದವೂ ಹೋಗುತ್ತಿತ್ತು, ಬಿಟ್ಟೆ ಎಂದ.

“ಚಂದ ಬಂದೈತಿ,” ಎಂದ ತೋಟಪ್ಪ. ಬೆಳಗಿನಿಂದ ಅವನು ಆಡಿದ ಮೊದಲ ಮಾತು. “ಆಶೀರ್ವಾದ ಮಾಡಿದಂಗ ಕೈ ಹಿಡದಾಳ.”

“ಅಲ್ಲ ಅಣ್ಣಾರ,” ಎಂದಳು ಜೈಬುನ್ನೀಸಾ. ಕಣ್ಣೊರೆಸಿಕೊಂಡಳು. “ನನ್ನ ಕರೀಲಿಕತ್ತಾಳ. ನೋಡ್ರಿ, ಬಾ ಅನ್ನೋ ಹಂಗ ಐತಿ.”

ಪ್ರಿಯಾ ಆ ಕೈಯನ್ನೇ ನೋಡಿದಳು. ಹಲಗೆಯ ಕೊನೆಯಲ್ಲಿ ಬೀದಿಯ ಕಲ್ಲು ಏರುಪೇರಾಗಿತ್ತು. ವಿಡಿಯೋ ತೆಗೆದ ಆ ಮಧ್ಯಾಹ್ನ ಅಲ್ಲಿಗೆ ಬಂದಾಗ ಅತ್ತೆ ನಕ್ಕು, “ಕೈ ಹಿಡಿಯವಾ ಪ್ರಿಯಾ,” ಎಂದಿದ್ದಳು. ಆಗ ಇವಳ ಕೈಯಲ್ಲಿ ಫೋನಿತ್ತು. ಇನ್ನೊಂದು ಕೈ ಖಾಲಿಯೇ ಇತ್ತು. ಬನಶಂಕರೆವ್ವ ನಾಯಿಯ ಬೆನ್ನು ಹಿಡಿದು ಇಳಿದಿದ್ದಳು.

“ಚಾಚಿ,” ಎಂದಳು ಸಣ್ಣ ದನಿಯಲ್ಲಿ. “ಅವರು ಕರೆದದ್ದು ನನಗ. ಕೈ ಹಿಡಿ ಅಂದ್ರು.”

ಜೈಬುನ್ನೀಸಾ ತಿರುಗಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತೋ ಇಲ್ಲವೋ. “ಹಿಡಿದ್ಯೋ?”

“ಇಲ್ಲರಿ.”

ಮುದುಕಿ ಪ್ರಿಯಾಳ ಮೊಣಕಾಲ ಮೇಲಿದ್ದ ತನ್ನ ಕೈಯನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

*

ಹೆಣ ಕೂರಿಸಿದ ಬಿದಿರಿನ ವಿಮಾನ ಎತ್ತಿದಾಗ ಬಿಸಿಲು ಇಳಿದಿತ್ತು. ಮೆಟ್ಟಿಲಿನಲ್ಲಿ ಗಂಡಸರು ತಡವರಿಸಿದರು. “ಸಾವಕಾಶ, ಭಾರ ಐತಿ,” ಎಂದ ಹಿಂದಿನ ಸಾಲಿನವನೊಬ್ಬ. ಯಾರೂ ನಗಲಿಲ್ಲ. ಪ್ರಿಯಾ ಮಾತ್ರ ಸೆರಗನ್ನು ಬಾಯಿಗೆ ಒತ್ತಿ ಒಳಗೆ ತಿರುಗಿದಳು. ಚುರುಮರಿ ಹೂವು ತೂರುತ್ತ ಮಂದಿ ಓಣಿಯ ತಿರುವಿನಲ್ಲಿ ಮರೆಯಾದರು. ಹೆಂಗಸರು ಉಳಿದರು.

“ಮನಿ ತೊಳೀಬೇಕು. ಆ ನಾಯಿನ್ನ ಮೊದಲು ಹೊರಗ ಹಾಕ್ರಿ,” ಎಂದಳು ಯಳವತ್ತಿಯಿಂದ ಬಂದಿದ್ದ ತೋಟಪ್ಪನ ಅಕ್ಕ.

ಬೆಳಗಿನಿಂದ ಯಾರಿಗೂ ಬುರುಣ್ಯಾನ ನೆನಪಾಗಿರಲಿಲ್ಲ. ಮಗ್ಗದ ಕೋಣೆಯಲ್ಲಿ ಅವನು ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದ. ಪ್ರಿಯಾ ಹತ್ತಿರ ಹೋದರೂ ಈ ಕಡೆ ನೋಡಲಿಲ್ಲ. ಅವಳು ಬಿಸಿನೀರು ತಂದು ಅವನ ತೊಡೆ ಒರೆಸಿದಳು. ಇಷ್ಟು ವರ್ಷ ಅವನ ಕೂದಲು ಸೀರೆಗೆ ಹತ್ತೀತೆಂದು ಸರಿದು ನಡೆದವಳು. ಆಮೇಲೆ ಬಾಗಿಲ ಹಿಂದಿನ ಹಲಗೆ ತೆಗೆದಳು. ಬಿಜಾಗರಿಯಲ್ಲಿ ಬೆರಳು ಸಿಕ್ಕಿತು; ಚೀಪಿಕೊಂಡು ಮತ್ತೆ ಎತ್ತಿದಳು. ಕಟ್ಟೆಗೆ ಒರಗಿಸಿ, ಅಲುಗಾಡಿಸಿ ನೋಡಿ, ಟಾವೆಲನ್ನು ಅವನ ಹೊಟ್ಟೆಯ ಕೆಳಗೆ ಹಾಯಿಸಿದಳು.

“ಸುನಿಲ ಬರಲೇಳು, ಅವನ ಇಳಸತಾನ. ಮಂದಿ ನೋಡಾಕತ್ತಾರ,” ಎಂದಳು ತೋಟಪ್ಪನ ಅಕ್ಕ.

“ನೋಡಲ್ರಿ,” ಎಂದಳು ಪ್ರಿಯಾ.

ಓಣಿಯ ಕಟ್ಟೆಗಳ ಮೇಲೆ ಹೆಂಗಸರು ನಿಂತಿದ್ದರು. ಅವಳು ಬಗ್ಗಿ, ನಾಯಿಯ ಭಾರ ಎರಡೂ ಕೈಗೆ ತೆಗೆದುಕೊಂಡು, ಅವನ ಜೊತೆ ಅಡ್ಡಾದಿಡ್ಡಿ ಹೆಜ್ಜೆಯಲ್ಲಿ ಇಳಿದಳು. ಭಾರ ಅವಳು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿತ್ತು. ಕೆಳಗೆ ಬಂದ ಮೇಲೆ ಬುರುಣ್ಯಾ ಎದುರುಮನೆಯ ನೆರಳಿಗೆ ಹೋಗಲಿಲ್ಲ. ಮೂಗು ನೆಲಕ್ಕೆ ಹಚ್ಚಿ, ತೂರಿದ್ದ ಹೂವಿನ ಗುಂಟ ನಡೆಯತೊಡಗಿದ. ಪ್ರಿಯಾ ಟಾವೆಲಿನ ತುದಿಗಳನ್ನು ಬಿಡದೆ, ಬರಿಗಾಲಲ್ಲಿ, ಅವನು ನಿಂತಲ್ಲಿ ನಿಂತು ನಡೆದಲ್ಲಿ ನಡೆದಳು.

ತಿರುವಿನ ಹತ್ತಿರ ಗಾಳಿ ಹೂಗಳನ್ನು ಗಟಾರಕ್ಕೆ ಗುಡಿಸಿತ್ತು. ಮುಂದೆ ಬರೀ ಡಾಂಬರು. ಬುರುಣ್ಯಾ ಅತ್ತ ಮೂಸಿದ, ಇತ್ತ ಮೂಸಿದ. ಆಮೇಲೆ ರಸ್ತೆಯ ನಡುವೆಯೇ ಹಿಂಗಾಲು ಮಡಿಸಿ ಕುಸಿದು ಕೂತ. ಹಿಂದಿನಿಂದ ಬಂದ ಟಂಟಂ ಆಟೋವೊಂದು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಪ್ರಿಯಾ ಕೈ ಎತ್ತಿ ಅದನ್ನು ತಡೆದು, ನಾಯಿ ಏಳುವ ತನಕ ಅವನ ಪಕ್ಕ ರಸ್ತೆಯ ಮೇಲೆಯೇ ಕೂತಳು.