ಎಡಹೆಗಲಿನ ಸಾಲುಗಳು

ಅಕ್ಕೋರು ಸುಂದರವ್ವ ಯಾರ ಮನೆಗೂ ಅಡುಗೆಯ ಹೊತ್ತಿನಲ್ಲಿ ಹೋಗುವವರಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವವರು, ನಡೆನುಡಿಯಲ್ಲಿ ಬಿಗಿ. ಅಂಥವರು ಆ ದಿನ ಹೊಸ್ತಿಲು ದಾಟಿ ನೇರ ಒಲೆಯ ಮುಂದೆಯೇ ಬಂದು ಕೂತರು. ಸೆರಗಿನೊಳಗಿಂದ ಹೆಂಗಸರ ಮಾಸಪತ್ರಿಕೆಯೊಂದನ್ನು ತೆಗೆದು, ನಡುವಿನ ಪುಟ ಬಿಡಿಸಿ, ರೊಟ್ಟಿ ಬಡಿಯುತ್ತಿದ್ದ ಸೈದಾಬಿಯ ಮುಂದೆ ಹಿಡಿದರು.

ಪುಟದಲ್ಲಿ ಒಬ್ಬ ಹುಡುಗಿಯ ಚಿತ್ರ. ಮೈಮೇಲೆ ಸ್ವೆಟರ್, ಸ್ವೆಟರಿನ ಎದೆಗೆ ಅಡ್ಡಲಾಗಿ ಜೋಳದ ತೆನೆಗಳ ಸಾಲು. ಸೈದಾಬಿಗೆ ಮಹಿಳಾ ಮಂಡಳದಲ್ಲಿ ಕಲಿತಷ್ಟೇ ಅಕ್ಷರ. ಆದರೆ ತನ್ನ ಹೆಸರು ಎಲ್ಲಿದ್ದರೂ ಗುರುತು ಸಿಗುತ್ತಿತ್ತು. ಚಿತ್ರದ ಕೆಳಗೆ ಬೆರಳಿಟ್ಟು, ಸೈ, ದಾ, ಬಿ ಎಂದು ಒಂದೊಂದನ್ನೇ ಮುಟ್ಟಿದಳು. ಮುಂದಿನದನ್ನು ಅಕ್ಕೋರು ಓದಿದರು: ಸೈದಾಬಿ ಇಬ್ರಾಹಿಂಸಾಬ, ಬಸವನ ಬಾಗೇವಾಡಿ. ಬೆರಳಿನ ಹಿಟ್ಟು ಹೆಸರಿನ ಮೇಲೆಯೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಯಾವತ್ತೂ ಒಂದು ರೊಟ್ಟಿ ಕೆಡಿಸಿದವಳಲ್ಲ, ಅವತ್ತು ಕೆಡಿಸಿ ನಕ್ಕಳು.

ಅವಳು ಹೆಣಿಗೆ ಕಲಿತದ್ದು ಚೀನಾ ಯುದ್ಧದ ವರ್ಷ. ಗಡಿಯಲ್ಲಿರುವ ಜವಾನರಿಗೆ ಸ್ವೆಟರ್ ಹೆಣೆದು ಕಳಿಸಬೇಕೆಂದು ಊರೂರಿನ ಮಂಡಳಗಳಿಗೆ ಉಲ್ಲನ್ ಬಂದಿತ್ತು. ಉಲ್ಲನ್ ಬಂತು, ಹೆಣೆಯುವ ಕಡ್ಡಿ ಬರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಗಂಡ ಇಬ್ರಾಹಿಂಸಾಬ ಹಳೆಯ ಗಾಲಿಗಳ ಕಡ್ಡಿ ಬಿಚ್ಚಿ, ತುದಿ ಅರದಿಂದ ಉಜ್ಜಿ ಕೊಟ್ಟ. ಯುದ್ಧ ಮುಗಿದ ಮೇಲೆ ಉಳಿದ ಹೆಂಗಸರು ಆ ಕಡ್ಡಿಗಳಿಂದ ಉಪ್ಪಿನಕಾಯಿ ಚುಚ್ಚಿ ನೋಡುವ ಕೆಲಸ ಮಾಡಿಕೊಂಡರು. ಸೈದಾಬಿ ಮಾತ್ರ ಬಿಡಲಿಲ್ಲ. ಬಿಡದಿರಲು ಅವಳಿಗೊಂದು ಕಾರಣವಿತ್ತು.

ಕಾರಣ ಅವಳ ಮಗಳು ಶಮಶಾದ. ಮೂರು ವರ್ಷದವಳಿದ್ದಾಗ ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು ಎಡಹೆಗಲಿನ ಎಲುಬು ಮುರಿದುಕೊಂಡಿದ್ದಳು. ಎಲುಬು ಕೂಡಿತು, ಆದರೆ ಹೆಗಲು ತುಸು ಕೆಳಗೆ ಕೂತಿತು. ಕೆಲಸಕ್ಕೆ ಏನೂ ಅಡ್ಡಿಯಿಲ್ಲ, ಕೊಡ ಹೊರುತ್ತಿದ್ದಳು, ಬೀಸುತ್ತಿದ್ದಳು. ಆದರೆ ಹಿಂದಿನಿಂದ ನೋಡಿದರೆ ತಿಳಿಯುತ್ತಿತ್ತು. ಅವಳು ಬಿದ್ದ ದಿನ ನಿಚ್ಚಣಿಕೆ ತೆಗೆದಿಡಲು ಮರೆತವಳು ತಾಯಿ. ಅದನ್ನು ಯಾರೂ ಅವಳಿಗೆ ಅಂದಿರಲಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ.

ಜವಾನರ ಉಲ್ಲನ್ನಿನಲ್ಲಿ ಉಳಿದ ತುಂಡುಗಳಿಂದ ಮಗಳಿಗೊಂದು ಸಣ್ಣ ಸ್ವೆಟರ್ ಹೆಣೆಯಲು ಕೂತಾಗ ಸೈದಾಬಿಗೆ ಹೊಳೆಯಿತು. ಎಡಹೆಗಲಿಗೆ ಬಂದಾಗ ಸಾಲು ಪೂರ್ತಿ ಮಾಡದೆ ಅರ್ಧಕ್ಕೇ ಹಿಂತಿರುಗಿ ಬರಬೇಕು, ಮತ್ತೆ ಹೋಗಿ ಮತ್ತೆ ಹಿಂತಿರುಗಬೇಕು. ಅಲ್ಲಿ ಹೆಣಿಗೆ ಏರಿ ದಿಂಬಿನ ಹಾಗೆ ತುಂಬಿಕೊಳ್ಳುತ್ತದೆ. ಎದೆಯ ಮೇಲಿನ ತೆನೆಗಳನ್ನೂ ಅದಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬೇಕು. ಹಾಸಿಗೆಯ ಮೇಲೆ ಹರವಿದರೆ ಅದು ಸೊಟ್ಟ ಸ್ವೆಟರ್. ಶಮಶಾದಳ ಮೈಮೇಲೆ ಮಾತ್ರ ನೆಟ್ಟಗೆ ಕೂರುತ್ತಿತ್ತು. ಹೆಗಲೆರಡೂ ಸಮ, ತೆನೆಗಳ ಸಾಲು ಇಂಗಳೇಶ್ವರದ ದಾರಿಯ ಹೊಲದಲ್ಲಿ ನಿಂತ ಹಾಗೆ ನೇರ. ಮಗಳು ಬೆಳೆದಂತೆ ವರ್ಷಕ್ಕೊಂದು ಹೊಸದು ಹೆಣೆದಳು. ಪ್ರತಿ ಸಲವೂ ಒಂದೇ ಹಾಡು, ನೇರ ಹೆಣಿಗೆಗೆ ಸುಲಟಿ, ತಿರುವು ಹೆಣಿಗೆಗೆ ಉಲಟಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ: ಎರಡು ಸುಲಟಿ, ಒಂದು ಉಲಟಿ, ದಾರ ಮುಂದ, ತಿರುಗಿ ಬಾ.

ಈ ಹೆಣಿಗೆಯನ್ನು ಪತ್ರಿಕೆಗೆ ಕಳಿಸೋಣ ಎಂದವರು ಸುಂದರವ್ವ ಅಕ್ಕೋರು. ಅವರು ಸ್ವೆಟರ್ ಕಂಡದ್ದು ಶಮಶಾದಳ ಮೈಮೇಲೆ, ಅಲ್ಲಿ ಅದರ ಚೆಲುವಷ್ಟೇ ಕಂಡಿತ್ತು. ಅವರಿಗೆ ಹೆಣಿಗೆ ಬಾರದು, ಬರೆಯಲು ಬರುತ್ತಿತ್ತು. ಸೈದಾಬಿಗೆ ಹೆಣಿಗೆ ಬರುತ್ತಿತ್ತು, ಬರೆಯಲು ಬಾರದು. ಅವಳು ಕಡ್ಡಿ ಹಿಡಿದು ಹೇಳುತ್ತ ಹೋದಳು, ಅವರು ಬರೆದುಕೊಂಡರು. ಎಡಹೆಗಲಿನ ಹೆಚ್ಚಿನ ಸಾಲುಗಳನ್ನು ಬಿಟ್ಟು ಹೇಳಬೇಕೆಂದು ಸೈದಾಬಿ ಮೊದಲೇ ಗಟ್ಟಿ ಮಾಡಿಕೊಂಡಿದ್ದಳು. ಊರ ಮಕ್ಕಳಿಗೆ ಅದು ಏಕೆ ಬೇಕು? ಆದರೆ ಅವಳು ಆರು ಚಳಿಗಾಲ ಹೆಣೆದದ್ದು ಆ ಒಂದೇ ಸ್ವೆಟರ್. ನಡುವೆ ಒಲೆಯ ಮೇಲಿನ ಬೇಳೆ ಉಕ್ಕಿತು, ಎದ್ದು ಹೋಗಿ ಬಂದಳು, ಬಾಯಿ ತನ್ನಷ್ಟಕ್ಕೆ ಓಡಿತು. ಮುಗಿದ ಮೇಲೆ ಎಲ್ಲಾ ಬಂತೇನ್ರಿ ಎಂದು ಕೇಳಿದಳು. ಬಂತು ಎಂದರು ಅಕ್ಕೋರು. ಮಾದರಿಗೆ ಸ್ವೆಟರ್ ಕಳಿಸಬೇಕಿರಲಿಲ್ಲ. ಚಿತ್ರವನ್ನು ಪತ್ರಿಕೆಯವರೇ ತಮ್ಮ ಕಲಾವಿದರ ಕೈಯಿಂದ ಬರೆಸಿದರು. ಅವರು ಎಲ್ಲ ಹುಡುಗಿಯರನ್ನು ಬರೆಯುವ ಹಾಗೆ ಎರಡೂ ಹೆಗಲು ಸಮ ಬರೆದರು.

ಈಗ ಆ ಪುಟ ಮನೆಯಲ್ಲಿತ್ತು. ಇಬ್ರಾಹಿಂಸಾಬ ಇನ್ನೊಂದು ಪ್ರತಿ ತರಿಸಿ, ಅಂಗಡಿಯಲ್ಲಿ ಟ್ಯೂಬುಗಳ ನಡುವೆ ಹಗ್ಗಕ್ಕೆ ನೇತುಹಾಕಿದ. ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ತೋರಿಸುತ್ತಿದ್ದ. ಇನ್ನು ಮ್ಯಾಲ ಸೈಕಲ್ಲಿಗೂ ಒಂದು ಸ್ವೆಟರ್ ಹೆಣಸಿ ಹಾಕು ಮಾರಾಯ ಎಂದು ಗೆಳೆಯ ಖಂಡೆಪ್ಪ ಚೇಷ್ಟೆ ಮಾಡಿದ. ಆ ಮಾತನ್ನೂ ಇಬ್ರಾಹಿಂಸಾಬ ಮನೆಗೆ ಬಂದು ಹೆಮ್ಮೆಯಿಂದಲೇ ಹೇಳಿದ. ಪುಟವನ್ನು ಎಲ್ಲರೂ ನೋಡಿದರು. ಎಲ್ಲರೂ ನೋಡಿದ್ದು ಚಿತ್ರ ಮತ್ತು ಹೆಸರು. ಕೆಳಗಿನ ಸಣ್ಣ ಅಕ್ಷರದ ಸಾಲುಗಳನ್ನು ಓದಿದವಳು ಏಳನೆಯ ಇಯತ್ತೆಯ ತನಕ ಕಲಿತ ಶಮಶಾದ ಒಬ್ಬಳೇ. ಓದಿ, ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಗೂಡಿನಲ್ಲಿಟ್ಟು, ನೀರು ತರಲು ಹೋದಳು.

ಶಮಶಾದಳಿಗೆ ಆಗಷ್ಟೇ ಸಿಂದಗಿಯ ಸಂಬಂಧ ಕೂಡಿಬಂದಿತ್ತು. ಹುಡುಗ ಅಮೀನುದ್ದೀನ, ಅಲ್ಲಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ರಹಿಮಾಬಿ. ರಮಜಾನ್ ಹಬ್ಬ ಮುಗಿದ ಮೇಲಿನ ಚಳಿಯಲ್ಲಿ ಅವಳೇ ಹೆಂಗಸರನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಿದ್ದಳು. ಶಮಶಾದ ತೆನೆಯ ಸ್ವೆಟರ್ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಚಹಾ ತಂದು ಕೊಟ್ಟಳು. ರಹಿಮಾಬಿಗೂ ಹೆಣಿಗೆಯ ಹುಚ್ಚು. ಹುಡುಗಿಗಿಂತ ಹೆಚ್ಚಾಗಿ ಸ್ವೆಟರನ್ನು ನೋಡಿದಳು, ತೋಳು ಹಿಡಿದು ತಿರುಗಿಸಿ ನೋಡಿದಳು. ಹೆಗಲಿನ ಮಾತು ಯಾರೂ ಎತ್ತಲಿಲ್ಲ. ಸಕ್ಕರೆ ಹಂಚಿದ್ದಾಯಿತು, ಬಕ್ರೀದ್ ಆದ ಮೇಲೆ ನಿಕಾ ಎಂದು ಮಾತಾಯಿತು. ನಿಕಾ ಆಗಿಹೋದರೆ ಆಮೇಲೆ ಎಲ್ಲಾ ತಾನಾಗಿ ತಿಳಿಯುತ್ತದೆ, ತಿಳಿದಾಗ ತಿಳಿಯಲಿ ಎಂದು ಸೈದಾಬಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಪುಟ ಕೈಗೆ ಬಂದ ಮೇಲೆ ಅವಳಿಗೆ ಮೊದಲು ನೆನಪಾದದ್ದು ರಹಿಮಾಬಿಯೇ. ಹೆಣ್ಣಿನ ತಾಯಿ ಬರೀ ಸೈಕಲ್ ಅಂಗಡಿಯವನ ಹೆಂಡತಿಯಲ್ಲ ಎಂದು ಸಿಂದಗಿಯವರಿಗೆ ತಿಳಿಯಬೇಡವೇ? ತನ್ನ ಪ್ರತಿಯನ್ನೇ ಒಂದು ಹಳೆಯ ಧೋತರದ ತುಂಡಿನಲ್ಲಿ ಸುತ್ತಿದಳು. ಬಸ್ಸಿನ ಕಂಡಕ್ಟರ್ ಪರಿಚಯದವನು, ಅವನ ಕೈಯಲ್ಲಿ ಕೊಟ್ಟರೆ ಸಂಜೆಗೆ ಮುಟ್ಟುತ್ತದೆ. ಶಮಶಾದ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಿ ಕೇಳಿದಳು: "ಅದನ್ನ ಕಳಸೂದು ಬೇಕಾ ಅವ್ವಾ?"

ನಾಚಿಕೆ ಇರಬೇಕು ಎಂದುಕೊಂಡಳು ಸೈದಾಬಿ. ಬೇಕು ಎಂದಳು. ಶಮಶಾದ ಮೊರ ಕೆಳಗಿಟ್ಟು ಎದ್ದಳು. ಸುತ್ತಿದ್ದು ಸಡಿಲವಾಗಿದೆ ಎಂದು ದಾರ ತಂದು ತಾನೇ ಕಟ್ಟಿ ಕೊಟ್ಟಳು.

ಹಲವು ವಾರ ಸಿಂದಗಿಯಿಂದ ಸುದ್ದಿಯಿಲ್ಲ. ಚಳಿ ಇಳಿಯತೊಡಗಿದಾಗ ಒಂದು ಮಧ್ಯಾಹ್ನ ರಹಿಮಾಬಿ ಒಬ್ಬಳೇ ಬಸ್ಸಿಳಿದು ಬಂದಳು. ಕೈಯಲ್ಲಿ ಒಂದು ಚೀಲ. ಸೈದಾಬಿ ಕಂಬಳಿ ಹಾಸಿದಳು, ಚಹಾಕ್ಕೆ ಇಟ್ಟಳು, ಹೀಗೆ ಹೇಳದೆ ಬಂದರೆ ಹೇಗೆ, ಮಾದಲಿಯಾದರೂ ಮಾಡಿರುತ್ತಿದ್ದೆ ಎಂದು ಗದ್ದಲ ಮಾಡಿದಳು. ರಹಿಮಾಬಿ ಚೀಲದಿಂದ ಒಂದು ಸ್ವೆಟರ್ ತೆಗೆದು ತೊಡೆಯ ಮೇಲೆ ಹರವಿದಳು. ಹಸಿರು ಉಲ್ಲನ್ನು, ಹಳದಿ ತೆನೆ. ಸೈದಾಬಿಯ ಕಣ್ಣು ಅದರ ಎಡಹೆಗಲಿಗೆ ಹೋಗಿ ಅಲ್ಲೇ ನಿಂತಿತು. ಅಲ್ಲಿ ಹೆಣಿಗೆ ತುಂಬಿಕೊಂಡಿತ್ತು.

"ಮದಲನೇ ಸಲ ಹೆಣದು ನಾನ ಹಾಕ್ಕೊಂಡ್ನಿ ಅಕ್ಕಾರ," ಎಂದಳು ರಹಿಮಾಬಿ. "ಎಡಗಡಿ ಗಂಟು ಬಂದಂಗ ಕಾಣ್ತು. ನನ್ನ ಕೈ ತಪ್ಪೇತಿ ಅಂತ ಎಲ್ಲಾ ಬಿಚ್ಚಿ ಮತ್ತ ಹೆಣದ್ನಿ. ಮತ್ತ ಹಂಗ. ಬಾಜೂ ಮನಿಯಾಕಿಗೆ ಹಾಕಿ ನೋಡಿದ್ನಿ, ಆಕಿ ಎದಿ ಮ್ಯಾಲೂ ತೆನಿ ಸಾಲು ಸೊಟ್ಟ ಕೂತ್ತು. ಛಾಪಿಸಿದವರ ತಪ್ಪೇನೋ ಅಂತ ಮತ್ತ ಓದಿದ್ನಿ. ತಪ್ಪಲ್ಲರಿ ಅದು. ಹೆಗಲಿಗೆ ಏರಿಸಿದ್ದಕ್ಕ ತಕ್ಕಂಗ ತೆನೀನೂ ಒಂದೊಂದು ಸಾಲು ಏರಿಸ್ಯಾರ. ತಪ್ಪು ಮಾಡಿದವರು ಅಷ್ಟು ಚಂದ ಮಾಡೂದಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೈದಾಬಿಗೆ ಏನಾದರೂ ಅನ್ನಲು ಬರುತ್ತಿತ್ತು. ಒಳಗಿನ ಬಾಗಿಲಲ್ಲಿ ಶಮಶಾದ ನಿಂತಿದ್ದಳು. ಮಧ್ಯಾಹ್ನದ ಬಿಸಿಲಿಗೆ ಮೈಮೇಲೆ ಸ್ವೆಟರ್ ಇರಲಿಲ್ಲ, ಸೆರಗು ಎಳೆದು ಹೊದ್ದಿದ್ದಳು.

"ನೀ ಒಂದ್ಸಲ ಹಾಕ್ಕೋ ತಂಗಿ," ಎಂದಳು ರಹಿಮಾಬಿ.

ಶಮಶಾದ ತಾಯಿಯ ಮುಖ ನೋಡಲಿಲ್ಲ. ಬಂದು, ಸ್ವೆಟರ್ ತಗೊಂಡು, ತಲೆಯ ಮೇಲಿಂದ ಇಳಿಸಿಕೊಂಡು, ಅಂಗಳದ ಬೆಳಕಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಆಮೇಲೆ ಮುಂದೆ ತಿರುಗಿ ನಿಂತಳು. ಎರಡು ಹೆಗಲೂ ಸಮ ಇದ್ದವು. ತೆನೆಗಳ ಸಾಲು ಒಂದು ಕೂದಲೆಳೆಯಷ್ಟೂ ಓರೆಯಿರಲಿಲ್ಲ. ಚಹಾ ಉಕ್ಕುವ ಸಪ್ಪಳ ಕೇಳಿಸಿತು, ಯಾರೂ ಏಳಲಿಲ್ಲ.

ಸೈದಾಬಿ ಹೇಳಬೇಕಾದ್ದನ್ನೆಲ್ಲ ಆಗ ಹೇಳಿದಳು. ನಿಚ್ಚಣಿಕೆಯದು, ಎಲುಬು ಕಟ್ಟಿದವನದು, ಹುಡುಗಿ ಎರಡು ಕೊಡ ಒಟ್ಟಿಗೆ ತರುವುದು, ಒಂದು ದಿನ ನೋವೆಂದು ಮಲಗದಿರುವುದು. ರಹಿಮಾಬಿ ಎಲ್ಲಾ ಕೇಳಿದಳು. ಉಳಿದ ಚಹಾ ಸೋಸಿ ಕೊಟ್ಟರೆ ಅದನ್ನೂ ಕುಡಿದಳು.

"ಹೆಗಲಿನ ಮಾತಲ್ಲ ಅಕ್ಕಾರ. ಅವತ್ತ ಹೇಳಿದ್ರ ನನ್ನ ತಮ್ಮ ಏನಂತಿದ್ನೋ, ನನಗ ಗೊತ್ತಿಲ್ಲ. ಈಗ ಮನ್ಯಾಗ ಎಲ್ಲಾರೂ ಕೇಳಾಕತ್ತಾರ, ಇನ್ನ ಏನೇನ ಮುಚ್ಚ್ಯಾರ ಅಂತ. ನಾ ಏನ ಹೇಳ್ಲಿ?"

ರಹಿಮಾಬಿ ಎದ್ದಾಗ ಶಮಶಾದ ಸ್ವೆಟರ್ ತೆಗೆಯಲು ಕೈ ಎತ್ತಿದಳು. ಇರಲಿ, ನಿನಗೇ ಹೊಂದೇತಿ ಎಂದು ರಹಿಮಾಬಿ ಅವಳ ಕೆನ್ನೆ ಮುಟ್ಟಿ, ಖಾಲಿ ಚೀಲ ಮಡಚಿಕೊಂಡು ಹೋದಳು. ಅವಳು ಸಂಬಂಧ ಮುರಿದದ್ದು ಹೆಗಲಿಗೋ, ಮುಚ್ಚಿಟ್ಟದ್ದಕ್ಕೋ ಎಂಬುದು ಸೈದಾಬಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಮೊದಲನೆಯದಾದರೆ ಆ ಹೆಂಗಸನ್ನು ಬಯ್ಯಬಹುದಿತ್ತು.

ಸಂಜೆ ಇಬ್ರಾಹಿಂಸಾಬನಿಗೆ ಸುದ್ದಿ ತಿಳಿಯಿತು. ಅವನು ಅಂಗಡಿಗೆ ವಾಪಸ್ಸು ಹೋಗಿ ಹಗ್ಗದ ಮೇಲಿನ ಪತ್ರಿಕೆ ಇಳಿಸಿ, ಹಳೆಯ ಟಾಯರುಗಳ ಹಿಂದೆ ಹಾಕಿ ಬಂದ.

ಶಮಶಾದ ಬಚ್ಚಲ ಕಲ್ಲಿನ ಮೇಲೆ ಬೂದಿ ಹಚ್ಚಿ ಬೋಗುಣಿ ತಿಕ್ಕುತ್ತಿದ್ದಳು. ಸೈದಾಬಿ ಹತ್ತಿರ ಕೂತು ತಿಕ್ಕಿದ್ದನ್ನು ತೊಳೆಯತೊಡಗಿದಳು. ಅಂದು ಪೊಟ್ಟಣ ಕಟ್ಟಿಕೊಟ್ಟ ಕೈ ಇದೇ ಎಂದು ನೆನಪಾಯಿತು.

"ನಿನಗ ಗೊತ್ತಿತ್ತೇನ?"

"ಛಾಪಿಸಿ ಬಂದ ದಿನಾನ ಓದಿದ್ನೆಲ್ಲ."

"ಹೇಳಬಾರದೇನ ನನಗ?"

ಶಮಶಾದ ಬೋಗುಣಿ ತಿರುವಿ ಇನ್ನೊಂದು ಮಗ್ಗುಲು ತಿಕ್ಕಿದಳು. "ಹೇಳಿದ್ರ ನೀ ಆ ಪುಸ್ತಕ ಮುಚ್ಚಿಡ್ತಿದ್ದಿ. ಅವತ್ತ ನೀ ರೊಟ್ಟಿ ಕರಕ ಮಾಡಿ ನಕ್ಕೆಲ್ಲ, ಹಂಗ ನಕ್ಕಿದ್ದು ನಾ ಎಂದೂ ನೋಡಿರಲಿಲ್ಲ. ಮತ್ತ, ಅವರಿಗೆ ಗೊತ್ತಾದ್ರ ಆಗ್ಲಿ ಅನಿಸ್ತು. ಗೊತ್ತಿದ್ದು ಕರದ್ರ ಹೋಗೂದು ಚಲೋ."

ಸೈದಾಬಿ ತೊಳೆದ ಬೋಗುಣಿಯನ್ನೇ ಮತ್ತೆ ತೊಳೆದಳು. ನಾ ಮಾಡಿದ್ದೆಲ್ಲ ನಿನ್ನ ಸಲುವಾಗಿ ಎಂದಳು. ಅದು ನಿಜವೇ ಆಗಿತ್ತು.

"ಹೆಗಲು ನನಗ ಎಂದೂ ನೋವಾಗಿಲ್ಲವ್ವಾ," ಎಂದಳು ಶಮಶಾದ. "ಬ್ಯಾಸಗ್ಯಾಗ ಮಂದಿ ಬಂದ್ರನೂ ನೀ ಒಳಗ ಕರದು ಸ್ವೆಟರ್ ಹಾಕ್ಕೋ ಅಂತಿದ್ದೆಲ್ಲ, ಅದು ನೋವಾಗ್ತಿತ್ತು."

ಹೇಳಿ, ಬೋಗುಣಿಗಳನ್ನು ಎಂದಿನಂತೆ ಬೋರಲು ಹಾಕಿ, ಕೈ ತೊಳೆದುಕೊಂಡು ಹೋದಳು. ಬಕ್ರೀದ್ ಬಂದು ಹೋಯಿತು. ಮುಂದಿನ ಚಳಿಗೆ ಶಮಶಾದ ಅಪ್ಪನ ಹಳೆಯ ಚಾದರ ಹೊದ್ದು ಓಡಾಡಿದಳು. ಅದು ಎಡಗಡೆ ಜಾರುತ್ತಿತ್ತು, ಅವಳು ಎತ್ತಿ ಹಾಕಿಕೊಳ್ಳುತ್ತಿದ್ದಳು. ತಾಯಿ ಹೆಣೆದದ್ದು, ರಹಿಮಾಬಿ ಹೆಣೆದದ್ದು, ತೆನೆಯ ಸ್ವೆಟರುಗಳೆರಡೂ ಟ್ರಂಕಿನಲ್ಲಿ ಬೇವಿನ ಎಲೆಯ ಕೆಳಗೆ ಉಳಿದವು. ಎರಡನೆಯ ಸಂಬಂಧ ಇಂಡಿ ಊರಿನಿಂದ ಬಂತು. ಬರುವ ಮೊದಲೇ ಅವರಿಗೆ ಎಲ್ಲಾ ಗೊತ್ತಿತ್ತು. ಮಂದಿ ಪತ್ರಿಕೆ ಓದಿದ್ದರು, ಓದದವರಿಗೆ ಓದಿದವರು ಹೇಳಿದ್ದರು. ಹುಡುಗ ಹೆಂಡತಿ ಸತ್ತವನು, ವಯಸ್ಸಾದವನು. ಇಷ್ಟಾದ ಮೇಲೂ ನಾವು ಬರುತ್ತಿದ್ದೇವೆ ಎಂಬ ಧಾಟಿಯಲ್ಲಿ ಅವರು ಮಾತಾಡಿದರು. ಶಮಶಾದ ಒಲ್ಲೆ ಎಂದಳು. ತಾಯಿ ಒತ್ತಾಯ ಮಾಡಲಿಲ್ಲ.

ಮಂಡಳದ ಹೆಂಗಸರಿಗೆ ಮಾತ್ರ ತೆನೆಯ ಸ್ವೆಟರಿನ ಹುಚ್ಚು ಹಿಡಿದಿತ್ತು. ಬಾಗೇವಾಡಿಯಲ್ಲಿ, ಮುದ್ದೇಬಿಹಾಳದಲ್ಲಿ ಮಕ್ಕಳ ಎದೆಯ ಮೇಲೆಲ್ಲ ಅದೇ. ಎಡಗಡೆಯ ಆ ಸಾಲುಗಳನ್ನು ಬಿಟ್ಟು ಹೆಣೆದರೆ ಸರಿ ಬರುತ್ತದೆ ಎಂದು ಅವರೇ ಕಂಡುಕೊಂಡಿದ್ದರು. ಹೊಸಬರಿಗೆ ಕಲಿಸಲು ಸೈದಾಬಿಯನ್ನೇ ಕರೆಯುತ್ತಿದ್ದರು. ಅವಳು ಹೋಗುತ್ತಿದ್ದಳು. ಚಾಪೆಯ ಮೇಲೆ ಕೂತು, ಸೈಕಲ್ ಕಡ್ಡಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: ಎರಡು ಸುಲಟಿ, ಒಂದು ಉಲಟಿ, ದಾರ ಮುಂದ. ಎಡಹೆಗಲಿಗೆ ಬಂದಾಗ ಪ್ರತಿ ಸಲವೂ ಅವಳ ಬಾಯಿ ನಿಲ್ಲುತ್ತಿತ್ತು. ಹೆಂಗಸರು ಕಡ್ಡಿ ಹಿಡಿದು ಕಾಯುತ್ತಿದ್ದರು. ಚಂದವ್ವ ಎನ್ನುವವಳು, ಮಾತಿನಲ್ಲಿ ಚುರುಕು, ಒಂದು ದಿನ ಅಂದಳು: "ಮರತಾಳವ್ವ ನಮ್ಮ ಸೈದಾಬಿ. ತಾನ ಕಟ್ಟಿದ್ದು ತನಗ ಬರವಲ್ದು."

ಎಲ್ಲರೂ ನಕ್ಕರು. ಸೈದಾಬಿಯೂ ನಕ್ಕು, ಆ ಸಾಲುಗಳನ್ನು ಬಿಟ್ಟು, ಮುಂದಿನದನ್ನು ಹೇಳಿಕೊಟ್ಟಳು.